ಕಲ್ಪಿತ ಭೂಖಂಡವೂ ಅದರ ವಾಯುಗುಣವೂ

ಇಲ್ಲದ ದೇಶವೊಂದರ ನಕ್ಷೆಯನ್ನು ಬರೆದು, ಅದರಲ್ಲಿ ಎಲ್ಲಿ ಮಳೆ ಬೀಳುವುದು, ಎಲ್ಲಿ ಬೀಳದು ಎಂದು ವಿಚಾರಮಾಡುವುದು ವಿಶ್ವವಿದ್ಯಾನಿಲಯದ ಒಂದು ವಿಭಾಗಕ್ಕೆ ತಕ್ಕ ಕಾರ್ಯವೇ ಎಂದು ಕೆಲವರು ಶಂಕಿಸಬಹುದು. ಇರುವ ದೇಶಗಳನ್ನು ಪೂರ್ತಿಯಾಗಿ ತಿಳಿಯಲು ಒಂದು ಜನ್ಮ ಸಾಲದಿರುವಾಗ ಇಲ್ಲದ ದೇಶದ ಗೊಡವೆ ಏತಕ್ಕೆ? ಆಕ್ಷೇಪ ಸಹಜವಾದುದೇ. ಆದರೆ ಇರುವ ದೇಶದ ವಾಯುಗುಣವನ್ನು ಪುಸ್ತಕ ನೋಡಿ ಹೇಳಬಹುದು. ಬಾಯಿಪಾಠ ಮಾಡಿಯೂ ಹೇಳಬಹುದು. ಇಲ್ಲದ ದೇಶದ ವಾಯುಗುಣವನ್ನು ಹೇಳಬೇಕಾದರೆ ಕಾರಣಗಳು ತಿಳಿದಿರಬೇಕು. ಭೂಗೋಳವೆಂದರೆ ಊರು, ನದಿ, ಬೆಳೆಗಳ ಪಟ್ಟಿಯೆಂಬ ಅಪವಾದ ನಮ್ಮ ಶಾಸ್ತ್ರಕ್ಕೆ ಬಹುಕಾಲದಿಂದ ಅಂಟಿಕೊಂಡಿದೆ. ಆ ಅಪವಾದ ನಿಜವೋ ಸುಳ್ಳೋ ಎಂಬುದನ್ನು ಒರೆಗೆ ಹಚ್ಚಿ ನೋಡಲು ಕಲ್ಪಿತ ದೇಶಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ.

ದೇಶವನ್ನು ಕಲ್ಪಿಸಿಕೊಳ್ಳುವ ಪರಿಪಾಠ ಹೊಸದಲ್ಲ. ನಮ್ಮ ಪುರಾಣಗಳ ಭುವನಕೋಶದಲ್ಲಿ ಜಂಬೂ, ಪ್ಲಕ್ಷ ಮೊದಲಾದ ಸಪ್ತದ್ವೀಪಗಳು ಒಂದನ್ನೊಂದು ಬಳಸಿ ನಿಂತಿವೆ. ಅವುಗಳ ನಡುವೆ ಉಪ್ಪುನೀರಿನಿಂದ ಸಿಹಿನೀರಿನವರೆಗೆ ಏಳು ಸಮುದ್ರಗಳು. ಜಂಬೂದ್ವೀಪದ ಮಧ್ಯದಲ್ಲಿ ಮೇರು. ಅದರ ಉತ್ತರ ದಕ್ಷಿಣಗಳಲ್ಲಿ ಪರ್ವತಶ್ರೇಣಿಗಳು ಭೂಮಿಯನ್ನು 'ವರ್ಷ'ಗಳನ್ನಾಗಿ ವಿಭಾಗಿಸುತ್ತವೆ. ಹಿಮವಂತದ ದಕ್ಷಿಣಕ್ಕಿರುವುದು ಭಾರತವರ್ಷ. ಸಂಸ್ಕೃತದಲ್ಲಿ 'ವರ್ಷ' ಎಂಬ ಒಂದೇ ಶಬ್ದಕ್ಕೆ ಮಳೆ, ಸಂವತ್ಸರ, ಪರ್ವತಗಳ ನಡುವಣ ನಾಡು ಎಂಬ ಮೂರು ಅರ್ಥಗಳೂ ಇವೆ. ಇದರಿಂದ ಹೆಚ್ಚಿನದೇನನ್ನೂ ಸಾಧಿಸಲು ನಾವು ಹೊರಟಿಲ್ಲ. ಆದರೂ ನಾಡನ್ನು ಬೇರ್ಪಡಿಸುವ ಬೆಟ್ಟವೇ ಮಳೆಯನ್ನೂ ಬೇರ್ಪಡಿಸುತ್ತದೆಂಬುದನ್ನು ಪ್ರತಿವರ್ಷವೂ ಕಾಣುವ ಜನಕ್ಕೆ ಈ ಶಬ್ದ ಒಪ್ಪುವಂತಹುದು.

ಯುರೋಪಿನಲ್ಲಿ ಥಾಮಸ್ ಮೋರನ 'ಯುಟೋಪಿಯ' 1516ರಲ್ಲಿ ಪ್ರಕಟವಾಯಿತು. ಬಾಲಚಂದ್ರನ ಆಕಾರದ ಆ ದ್ವೀಪದ ಅಳತೆಗಳನ್ನು ಮೋರನು ಮೈಲಿಗಳಲ್ಲಿ ಕೊಡುತ್ತಾನೆ. ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳಲ್ಲಿ ಹಡಗು ಒಡೆದ ಸ್ಥಳದ ಅಕ್ಷಾಂಶವೂ ಇದೆ: ದಕ್ಷಿಣ 30 ಡಿಗ್ರಿ 2 ಮಿನಿಟು. ಗ್ರಂಥದೊಂದಿಗಿರುವ ನಕ್ಷೆಯಲ್ಲಿ ಲಿಲಿಪುಟ್ ದ್ವೀಪ ಸುಮಾತ್ರದ ನೈರುತ್ಯಕ್ಕೆ, ಹಿಂದೂ ಮಹಾಸಾಗರದಲ್ಲಿದೆ. ಸ್ವಿಫ್ಟನ ಉದ್ದೇಶ ವಿಡಂಬನೆ. ಅಕ್ಷಾಂಶವೂ ಆ ವಿಡಂಬನೆಯ ಅಂಗವೇ ಇದ್ದೀತು. ಆದರೆ ಆತನು ಕೊಟ್ಟ ಸ್ಥಾನವನ್ನು ನಂಬುವುದಾದರೆ ಲಿಲಿಪುಟ್ಟಿನ ಮಳೆಗಾಲ ಮೇ ತಿಂಗಳಿನಿಂದ ಆಗಸ್ಟಿನವರೆಗೆ, ಅಂದರೆ ಅಲ್ಲಿಯ ಚಳಿಗಾಲದಲ್ಲಿ, ಬರತಕ್ಕದ್ದೆಂದೂ, ಬೇಸಗೆ ಒಣಗಿರತಕ್ಕದ್ದೆಂದೂ ಇಂದಿನ ವಿದ್ಯಾರ್ಥಿ ಹೇಳಬಲ್ಲನು. ಅಕ್ಷಾಂಶವನ್ನು ಬರೆದ ಗಳಿಗೆಯಲ್ಲೇ ಸ್ವಿಫ್ಟನು ತನಗರಿಯದೆ ಆ ದೇಶದ ಮಳೆಯನ್ನೂ ಬರೆದುಬಿಟ್ಟನು. ಸ್ಟೀವನ್‌ಸನ್ನನು ಈ ವಿಷಯದಲ್ಲಿ ಹೆಚ್ಚು ಎಚ್ಚರದವನು. 1881ರಲ್ಲಿ ಆತನು ಮೊದಲು ದ್ವೀಪದ ನಕ್ಷೆಯನ್ನು ಬರೆದು, ಅನಂತರ ಆ ನಕ್ಷೆಯಿಂದ 'ನಿಧಿದ್ವೀಪ'ದ ಕಥೆಯನ್ನು ಹೊರತೆಗೆದನು. ಕಥೆಗಾರನಾದವನು ತನ್ನ ನಾಡಿನ ದೂರಗಳನ್ನೂ, ಸೂರ್ಯ ಹುಟ್ಟುವ ದಿಕ್ಕನ್ನೂ ತಪ್ಪದೆ ತಿಳಿದಿರಬೇಕೆಂದು ಮುಂದೆ ಆತನೇ ಬರೆದಿದ್ದಾನೆ.

ಕಥೆಗಾರರನ್ನು ಬಿಟ್ಟು ಈಗ ಶಾಸ್ತ್ರಜ್ಞರ ಕಡೆಗೆ ಬರೋಣ. ಅಕ್ಷಾಂಶ ಹೆಚ್ಚಿದಂತೆ ಉಷ್ಣತೆ ಕಡಮೆಯಾಗುತ್ತದೆಂದು ಪ್ರಾಚೀನ ಗ್ರೀಕರೇ ಬಲ್ಲರು. ಆದರೆ ಅದರಿಂದ ಎಲ್ಲವೂ ತೀರ್ಮಾನವಾಗದೆಂಬುದು 1817ರಲ್ಲಿ ಹಂಬೋಲ್ಟನು ಸಮೋಷ್ಣರೇಖೆಗಳನ್ನು ಎಳೆದಾಗ ಕಣ್ಣಿಗೆ ಬಿದ್ದಿತು. ಆ ರೇಖೆಗಳು ಅಕ್ಷಾಂಶಗಳಿಗೆ ಸಮಾನಾಂತರವಾಗಿ ಸಾಗದೆ, ಖಂಡಗಳ ಪಶ್ಚಿಮ ಕರಾವಳಿಯಲ್ಲಿ ಮೇಲೇರಿ ಪೂರ್ವದಲ್ಲಿ ಕೆಳಗಿಳಿಯುತ್ತಿದ್ದವು. ಹಾಗಾದರೆ ನಿಯಮವೆಷ್ಟು, ಆಕಸ್ಮಿಕವೆಷ್ಟು? ಈ ಪ್ರಶ್ನೆಗೆ ವ್ಲಾಡಿಮಿರ್ ಕ್ಯೋಪೆನ್ನನು ಕೊಟ್ಟ ಉತ್ತರವೇ ಶಾಸ್ತ್ರದ ಅತ್ಯಂತ ಪ್ರಸಿದ್ಧವಾದ ಕಲ್ಪಿತ ಭೂಖಂಡ.

ಕ್ಯೋಪೆನ್ನನು 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಅಲ್ಲಿಗೂ ಕ್ರಿಮಿಯಕ್ಕೂ ಪ್ರಯಾಣಮಾಡುವಾಗ ದಾರಿಯುದ್ದಕ್ಕೂ ಗಿಡಮರಗಳು ಬದಲಾಗುತ್ತಿದ್ದುದನ್ನು ಗಮನಿಸಿದನು. 1870ರಲ್ಲಿ ಲೈಪ್‌ಜಿಗ್ಗಿನಲ್ಲಿ ಆತನು ಬರೆದ ಪ್ರೌಢಪ್ರಬಂಧದ ವಿಷಯ ಸಸ್ಯಗಳ ಬೆಳವಣಿಗೆಯ ಮೇಲೆ ಉಷ್ಣದ ಪರಿಣಾಮ. ಆದಕಾರಣ ವಾಯುಗುಣಗಳನ್ನು ವರ್ಗೀಕರಿಸಲು ಹೊರಟಾಗ ಆತನು ಸಸ್ಯಗಳನ್ನೇ ಸಾಕ್ಷಿಯಾಗಿ ಕರೆದುದರಲ್ಲಿ ಆಶ್ಚರ್ಯವಿಲ್ಲ. 1900ರಲ್ಲಿ ಮೊದಲು ಪ್ರಕಟಿಸಿ, 1918ರಲ್ಲಿ ಪರಿಷ್ಕರಿಸಿ, 1940ರಲ್ಲಿ ಕಾಲವಾಗುವವರೆಗೂ ತಿದ್ದುತ್ತಲೇ ಇದ್ದ ಆತನ ಪದ್ಧತಿಯಲ್ಲಿ ಐದು ದೊಡ್ಡ ವರ್ಗಗಳಿವೆ. ಅತ್ಯಂತ ತಂಪಾದ ತಿಂಗಳೂ 18 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯದ ನಾಡು 'ಎ' ವರ್ಗ. ಆ ತಿಂಗಳು 18ಕ್ಕೂ ಮೈನಸ್ 3ಕ್ಕೂ ನಡುವೆ ಇದ್ದರೆ 'ಸಿ'. ಮೈನಸ್ 3ಕ್ಕಿಂತ ಕೆಳಗಿದ್ದು ಬೇಸಗೆಯ ತಿಂಗಳು 10 ಡಿಗ್ರಿ ಮೀರಿದರೆ 'ಡಿ'. ಬೇಸಗೆಯೂ 10 ಡಿಗ್ರಿ ಮುಟ್ಟದಿದ್ದರೆ 'ಇ'. ಹತ್ತು ಡಿಗ್ರಿಯ ಈ ಗೆರೆ ಸುಮಾರಾಗಿ ಮರಗಳು ಬೆಳೆಯುವ ಗೆರೆಯೂ ಹೌದು.

'ಬಿ' ಎಂಬ ಒಣನಾಡಿನ ವರ್ಗ ಮಾತ್ರ ಬೇರೆ ರೀತಿಯದು. ಇಷ್ಟು ಸೆಂಟಿಮೀಟರಿಗಿಂತ ಕಡಮೆ ಮಳೆ ಬಿದ್ದರೆ ಒಣನಾಡು ಎಂದು ಒಂದೇ ಅಂಕಿಯನ್ನು ಹೇಳುವಂತಿಲ್ಲ. ಏಕೆಂದರೆ ಬಿಸಿಲು ನಾಡಿನಲ್ಲಿ ಬಿದ್ದ ಮಳೆಯ ಬಹುಭಾಗ ಬೇರಿಗೆ ಮುಟ್ಟುವ ಮೊದಲೇ ಆವಿಯಾಗುತ್ತದೆ. ಆದುದರಿಂದ ಕ್ಯೋಪೆನ್ನನು ವರ್ಷದ ಸರಾಸರಿ ಉಷ್ಣತೆಗೆ, ಮಳೆ ಎಲ್ಲ ಕಾಲದಲ್ಲೂ ಹಂಚಿಬೀಳುವಲ್ಲಿ 7ನ್ನೂ, ಬೇಸಗೆಯ ಅರ್ಧವರ್ಷದಲ್ಲೇ ಬಹುಪಾಲು ಬೀಳುವಲ್ಲಿ 14ನ್ನೂ ಕೂಡಿಸಿ, ಮೊತ್ತವನ್ನು ಇಮ್ಮಡಿಸಿದನು. ಮಳೆ ಚಳಿಗಾಲದ್ದಾದರೆ ಏನನ್ನೂ ಕೂಡಿಸದೆ ಇಮ್ಮಡಿಸಿದನು. ಬರುವ ಸಂಖ್ಯೆಯಷ್ಟು ಸೆಂಟಿಮೀಟರಾದರೂ ಮಳೆ ಬೀಳದ ನಾಡು ಒಣನಾಡು. ಅದರ ಅರ್ಧವೂ ಬೀಳದಿದ್ದರೆ ಮರುಭೂಮಿ. ಚಳ್ಳಕೆರೆಯ ಸೀಮೆಯಂತೆ ಸರಾಸರಿ ಉಷ್ಣತೆ 26 ಡಿಗ್ರಿಯೂ ಮಳೆ 50 ಸೆಂಟಿಮೀಟರೂ ಇರುವ ಸ್ಥಳವನ್ನು ತೆಗೆದುಕೊಳ್ಳೋಣ. ಏಳನ್ನು ಕೂಡಿಸಿದರೆ ಮೇರೆ 66, ಹದಿನಾಲ್ಕನ್ನು ಕೂಡಿಸಿದರೆ 80. ಹೇಗೆ ಲೆಕ್ಕಹಾಕಿದರೂ ಅದು ಒಣನಾಡೇ, ಆದರೆ ಮರುಭೂಮಿಯಲ್ಲ. ಲಂಡನ್ನಿನಲ್ಲಿ ಬೀಳುವ ಮಳೆಯೂ ಸುಮಾರು 60 ಸೆಂಟಿಮೀಟರು ಮಾತ್ರವೇ. ಅಲ್ಲಿಯ ಸರಾಸರಿ ಉಷ್ಣತೆ 11 ಡಿಗ್ರಿಯಾದುದರಿಂದ ಮೇರೆ 36ಕ್ಕೆ ಇಳಿಯುತ್ತದೆ. ಲಂಡನ್ ಒದ್ದೆಯ ಊರು.

ಈ ವರ್ಗಗಳ ಹಂಚಿಕೆಯಲ್ಲಿರುವ ಕ್ರಮವನ್ನು ತೋರಿಸಲು ಕ್ಯೋಪೆನ್ನನು ಒಂದು ಉಪಾಯಮಾಡಿದನು. ಪ್ರತಿಯೊಂದು ಅಕ್ಷಾಂಶದಲ್ಲಿಯೂ ಇರುವ ನೆಲವನ್ನೆಲ್ಲ ಒಟ್ಟುಗೂಡಿಸಿ ಒಂದೇ ಖಂಡವನ್ನಾಗಿ ಮಾಡಿ, ಅದರ ಮೇಲೆ ವಾಯುಗುಣದ ವಲಯಗಳನ್ನು ಬರೆದನು. ಉತ್ತರದ 60ರಿಂದ 70 ಡಿಗ್ರಿಗಳ ನಡುವೆ ಭೂಮಿಯ ಸುತ್ತಳತೆಯಲ್ಲಿ ನೂರಕ್ಕೆ ಸುಮಾರು 70 ಪಾಲು ನೆಲ. ದಕ್ಷಿಣದ 50ರಿಂದ 60ರ ನಡುವೆ ನೂರಕ್ಕೆ ಒಂದೆರಡು ಪಾಲೂ ಕಷ್ಟ. ಹೀಗೆ ಮೇಲೆ ಉಬ್ಬಿ ಕೆಳಗೆ ಮೊನೆಯಾದ ಆ ಖಂಡ ಬೀಟ್ ಗೆಡ್ಡೆಯನ್ನು ಹೋಲುತ್ತದೆ. ಜರ್ಮನರು ಅದನ್ನು 'ವಾಯುಗುಣದ ಗೆಡ್ಡೆ' ಎಂದೇ ಕರೆದರು. ಈ ಹಾಸ್ಯಾಸ್ಪದವಾದ ಆಕೃತಿಯಿಂದ ತಿಳಿಯುವುದು ಅಲ್ಪವಲ್ಲ. ಉದಾಹರಣೆಗೆ, ಘೋರವಾದ ಚಳಿಗಾಲವೂ ಬೆಚ್ಚನೆಯ ಬೇಸಗೆಯೂ ಕೂಡಿದ 'ಡಿ' ವರ್ಗ ಉತ್ತರದಲ್ಲಿ ಎಲ್ಲಕ್ಕಿಂತ ವಿಶಾಲವಾಗಿ ಹಬ್ಬಿದ್ದರೆ ದಕ್ಷಿಣಾರ್ಧದಲ್ಲಿ ಇಲ್ಲವೆಂದೇ ಹೇಳಬೇಕು. ದಕ್ಷಿಣದ ಸೂರ್ಯ ಬೇರೆಯಲ್ಲ. ಅಂತಹ ಚಳಿಯನ್ನು ಹುಟ್ಟಿಸುವಷ್ಟು ಅಗಲವಾದ ನೆಲ ಆ ಅಕ್ಷಾಂಶದಲ್ಲಿಲ್ಲ, ಅಷ್ಟೆ.

ನಮ್ಮ ತರಗತಿಯಲ್ಲಿ ಈ ಪಾಠವನ್ನು ಮುಗಿಸಿದ ಮೇಲೆ ವಿದ್ಯಾರ್ಥಿಗಳಿಂದ ಒಂದು ದೇಶವನ್ನು ಮಾಡಿಸುವುದುಂಟು. ಒಮ್ಮೆ ಮಾಡಿದ ದೇಶವನ್ನೇ ಇಲ್ಲಿ ವಿವರಿಸುತ್ತೇವೆ. ಅದಕ್ಕೆ ವಿದ್ಯಾರ್ಥಿಗಳು ಗರುಡದ್ವೀಪವೆಂದು ಹೆಸರಿಟ್ಟರು. ಉತ್ತರ ಅಕ್ಷಾಂಶ 10ರಿಂದ 50ರವರೆಗೆ ಉದ್ದ. ಪೂರ್ವಪಶ್ಚಿಮವಾಗಿ ಸುಮಾರು 3,000 ಕಿಲೋಮೀಟರು ಅಗಲ. ಎರಡು ಕಡೆಯೂ ವಿಸ್ತಾರವಾದ ಸಾಗರ. ಮೊದಲು ಅದನ್ನು ಚಪ್ಪಟೆಯಾಗಿಯೇ ಇಟ್ಟುಕೊಂಡೆವು.

ಸಮಭಾಜಕದ ಹತ್ತಿರ ಕಾದು ಮೇಲೇರಿದ ವಾಯು 20ರಿಂದ 30 ಡಿಗ್ರಿಗಳ ನಡುವೆ ಕೆಳಗಿಳಿಯುತ್ತದೆ. ಇಳಿಯುವ ವಾಯು ಒತ್ತಲ್ಪಟ್ಟು ಬಿಸಿಯಾಗುತ್ತದೆ. ಬಿಸಿಯಾದ ವಾಯು ಮೋಡವನ್ನು ಕಟ್ಟುವುದಿಲ್ಲ. ಹೀಗಾಗಿ ದ್ವೀಪದ ದಕ್ಷಿಣದ ತುದಿಯಲ್ಲಿ ಬೇಸಗೆಯ ಮಳೆಯುಂಟು, ಅಲ್ಲಿಂದ ಮೇಲೆ ಪಶ್ಚಿಮದ ಪಾರ್ಶ್ವದಲ್ಲಿ ಮರುಭೂಮಿ. ಆ ಮರುಭೂಮಿ ಕಡಲಿನ ಅಂಚಿನವರೆಗೂ ಬರುತ್ತದೆಂದು ಒಬ್ಬ ವಿದ್ಯಾರ್ಥಿ ಬರೆದಾಗ ಉಳಿದವರು ನಕ್ಕರು: ಎದುರಿಗೆ ಸಾಗರವೇ ಇರುವಾಗ ನೀರಿಗೆ ಬರವೇ? ಆದರೆ ಆತನೇ ಸರಿ. ಅಂತಹ ಕರಾವಳಿಯನ್ನು ಸವರಿಕೊಂಡು ಶೀತಪ್ರವಾಹ ಹರಿಯುತ್ತದೆ. ಅದರ ಮೇಲಿನ ತಣ್ಣನೆಯ ವಾಯು ಮೇಲೇರಲಾರದೆ ಮಂಜಾಗಿ ತೆವಳುತ್ತದೆ. ಪೆರು ಮತ್ತು ನಮೀಬಿಯಗಳ ಕರಾವಳಿಗಳು ತಿಂಗಳುಗಟ್ಟಲೆ ಮಂಜಿನಲ್ಲಿ ಮುಳುಗಿದ್ದೂ ಮಳೆ ಕಾಣದ ಮರುಭೂಮಿಗಳೇ ಆಗಿವೆ.

ಇನ್ನೂ ಉತ್ತರಕ್ಕೆ, 30ರಿಂದ 40ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ಮಳೆ, ದ್ರಾಕ್ಷಿ, ಆಲಿವ್. ಅದರಾಚೆ ವರ್ಷವೆಲ್ಲ ಮೋಡ ತುಂತುರು. ಪೂರ್ವದ ಪಾರ್ಶ್ವದಲ್ಲಿ ಇದೇ ಅಕ್ಷಾಂಶಗಳ ಕಥೆ ಬೇರೆ. ಅಲ್ಲಿ ಉಷ್ಣಪ್ರವಾಹವೂ ಕಡಲಿನಿಂದ ಬರುವ ಬೇಸಗೆಯ ಗಾಳಿಯೂ ಸೇರಿ 30 ಡಿಗ್ರಿಯಲ್ಲಿ ಬತ್ತದ ಗದ್ದೆಗಳಾಗುತ್ತವೆ. 45ರ ಆಚೆ ಬಂದರುಗಳು ಹೆಪ್ಪುಗಟ್ಟುತ್ತವೆ. ಪಶ್ಚಿಮ ಮಾರುತಗಳು ಒಳನಾಡಿನ ಚಳಿಯನ್ನು ಹೊತ್ತು ಪೂರ್ವದ ಕರಾವಳಿಗೇ ತಂದು ಸುರಿಯುವುದು ಇದಕ್ಕೆ ಕಾರಣ. ಮಾರ್ಸೇಲ್ಸ್ ಮತ್ತು ವ್ಲಾಡಿವೊಸ್ಟಾಕ್ ಎರಡೂ ಸುಮಾರು 43 ಡಿಗ್ರಿ ಅಕ್ಷಾಂಶದಲ್ಲಿಯೇ ಇವೆ. ಜನವರಿಯಲ್ಲಿ ಮೊದಲನೆಯದರ ಸರಾಸರಿ ಉಷ್ಣತೆ ಸುಮಾರು 7 ಡಿಗ್ರಿ, ಎರಡನೆಯದರದು ಸುಮಾರು ಮೈನಸ್ 12.

ಇಷ್ಟಾದ ಮೇಲೆ ಪರ್ವತಗಳನ್ನು ಎಬ್ಬಿಸಿದೆವು. ಮೊದಲ ಪರಿಣಾಮ ಸುಲಭವಾದುದು. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 411 ಮೀಟರು ಎತ್ತರದ ಕೊಯಮತ್ತೂರಿನಿಂದ 2,240 ಮೀಟರಿನ ಉದಕಮಂಡಲಕ್ಕೆ ಹೋದವರಿಗೆ ಹೇಳಬೇಕಾದುದಿಲ್ಲ. ಎರಡನೆಯ ಪರಿಣಾಮ ಮಳೆನೆರಳು. ಇಲ್ಲಿಯೇ ಹೆಚ್ಚು ಮಂದಿ ಎಡವುವುದು. ದ್ವೀಪದ ಬೆನ್ನೆಲುಬಿನಂತೆ ಉತ್ತರದಕ್ಷಿಣವಾಗಿ ಒಂದು ಶ್ರೇಣಿಯನ್ನು ಎಳೆದು, ನೆರಳು ಯಾವ ಕಡೆಗೆ ಎಂದು ಕೇಳಿದೆವು. ಕನ್ನಡನಾಡಿನ ವಿದ್ಯಾರ್ಥಿಗಳು ಏಕಕಂಠದಿಂದ ಪೂರ್ವಕ್ಕೆ ಎಂದರು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 750 ಸೆಂಟಿಮೀಟರು ಮಳೆ. ಅಲ್ಲಿಂದ ಇನ್ನೂರು ಕಿಲೋಮೀಟರಿನೊಳಗೆ ಇರುವ ಚಳ್ಳಕೆರೆಯಲ್ಲಿ ಅದರ ಹದಿನೈದನೆಯ ಒಂದು ಪಾಲು. ಇದನ್ನು ಕಂಡು ಬೆಳೆದವರಿಗೆ ಬೆಟ್ಟದ ಪಶ್ಚಿಮ ಒದ್ದೆ, ಪೂರ್ವ ಒಣ ಎಂಬುದು ಸೃಷ್ಟಿನಿಯಮವೆಂದೇ ತೋರುವುದು. ನಿಯಮ ಅದಲ್ಲ, ಗಾಳಿಗೆ ಎದುರಾದ ಮುಖ ಒದ್ದೆ, ಬೆನ್ನು ಒಣ ಎಂಬುದೇ ನಿಯಮ. ಸಹ್ಯಾದ್ರಿಗೆ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ, ಆದ್ದರಿಂದ ನಮಗೆ ಹಾಗೆ. ವಾಣಿಜ್ಯ ಮಾರುತಗಳ ವಲಯದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಮಡಗಾಸ್ಕರಿನಲ್ಲಿ ಪೂರ್ವದ ಇಳಿಜಾರು ದಟ್ಟವಾದ ಕಾಡು, ನೈರುತ್ಯ ಮುಳ್ಳುಗಿಡಗಳ ಒಣನಾಡು.

ಆಂಡೀಸ್ ಶ್ರೇಣಿಯಂತೂ ಈ ಎರಡು ಪಾಠಗಳನ್ನೂ ಒಂದೇ ಬೆಟ್ಟದಲ್ಲಿ ಕಲಿಸುತ್ತದೆ. ದಕ್ಷಿಣ 20 ಡಿಗ್ರಿಯ ಸುತ್ತಿನಲ್ಲಿ ಒದ್ದೆಯಾದ ಗಾಳಿ ಪೂರ್ವದಿಂದ ಬರುವುದರಿಂದ ಶ್ರೇಣಿಯ ಪೂರ್ವದಲ್ಲಿ ಕಾಡು, ಪಶ್ಚಿಮದಲ್ಲಿ ಅಟಕಾಮ ಮರುಭೂಮಿ. 45 ಡಿಗ್ರಿಯಲ್ಲಿ ಪಶ್ಚಿಮ ಮಾರುತಗಳ ಆಳ್ವಿಕೆ; ಅಲ್ಲಿ ಚಿಲಿಯ ಕರಾವಳಿ ಮಳೆಯಲ್ಲಿ ನೆನೆಯುತ್ತಿರುತ್ತದೆ, ಪೂರ್ವದ ಪೆಟಗೋನಿಯ ಒಣಗಿರುತ್ತದೆ. ಹಾಗಾದರೆ ಒಣನಾಡು ಬೆಟ್ಟದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಎಲ್ಲಿಯೋ ದಾಟಲೇಬೇಕು. ದಾಟುತ್ತದೆ: ದಕ್ಷಿಣ ಅಮೆರಿಕದ ಮಳೆಯ ನಕ್ಷೆಯಲ್ಲಿ ವಾಯುವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಒಂದು ಒಣ ಪಟ್ಟಿ ಆಂಡೀಸನ್ನು ಹಾದುಹೋಗಿರುವುದನ್ನು ಕಾಣಬಹುದು. ಇದನ್ನು ನೋಡಿದ ಬಳಿಕ ವಿದ್ಯಾರ್ಥಿಗಳು ಗರುಡದ್ವೀಪದ ನಕ್ಷೆಯನ್ನು ಅಳಿಸಿ ಬರೆದರು. ದಕ್ಷಿಣಾರ್ಧದಲ್ಲಿ ನೆರಳು ಪಶ್ಚಿಮಕ್ಕೆ ಬಿದ್ದು ಮರುಭೂಮಿಯನ್ನು ಇನ್ನಷ್ಟು ಕಠಿನಗೊಳಿಸಿತು. ಉತ್ತರಾರ್ಧದಲ್ಲಿ ಪೂರ್ವಕ್ಕೆ ಬಿದ್ದು ಅಲ್ಲಿ ಹುಲ್ಲುಗಾವಲನ್ನು ಹುಟ್ಟಿಸಿತು.

ನದಿಗಳ ವಿಷಯದಲ್ಲಿ ಒಂದು ಮಾತು ಮಾತ್ರ. ನದಿಗಳು ಕೂಡುತ್ತಾ ಹೋಗುತ್ತವೆಯೇ ಹೊರತು ಮುಖಜಭೂಮಿಯನ್ನು ಸೇರುವವರೆಗೆ ಸಾಮಾನ್ಯವಾಗಿ ಕವಲೊಡೆಯುವುದಿಲ್ಲ. ಎರಡು ಸಮುದ್ರಗಳಿಗೂ ಹರಿಯುವ ಒಂದು ನದಿಯನ್ನು ಬರೆದಿದ್ದವನ ನಕ್ಷೆಯನ್ನು ನಾವು ಹೊಡೆದುಹಾಕಿದೆವು. ಅವನು ಮರುದಿನ ಒರಿನೋಕೊ ನದಿಯಿಂದ ಕವಲೊಡೆದು ಅಮೆಜಾನಿನ ಉಪನದಿಯನ್ನು ಸೇರುವ ಕಾಸಿಕಿಯಾರೆಯನ್ನು ತೋರಿಸಿದನು. 1800ರಲ್ಲಿ ಹಂಬೋಲ್ಟನೇ ಅದರಲ್ಲಿ ದೋಣಿಯ ಪ್ರಯಾಣ ಮಾಡಿದ್ದನು. ಹೊಡೆದುಹಾಕಿದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಪೂರ್ವಪಶ್ಚಿಮವಾಗಿ ಚಾಚಿದ ಶ್ರೇಣಿಯ ಕೆಲಸ ಬೇರೆ ಬಗೆಯದು. ಉತ್ತರ ಅಮೆರಿಕದಲ್ಲಿ ಅಂತಹ ಅಡ್ಡಗೋಡೆಯಿಲ್ಲದ್ದರಿಂದ ಧ್ರುವದ ಶೀತವಾಯು ಮೆಕ್ಸಿಕೋ ಕೊಲ್ಲಿಯವರೆಗೂ ನುಗ್ಗುತ್ತದೆ. ನಮಗೆ ಹಿಮಾಲಯವಿದೆ. ಹಿಮಾಲಯವಿಲ್ಲದಿದ್ದರೆ ಭಾರತದ ಗತಿಯೇನಾಗುತ್ತಿತ್ತು? ಈ ಪ್ರಶ್ನೆ ಹಿಂದೆ ಶಾಲೆಯ ಪರೀಕ್ಷೆಗಳ ಊಹೆಯ ವಿಷಯವಾಗಿದ್ದಿತು. ಕೆಲವು ದಶಕಗಳಿಂದ ಅದು ಲೆಕ್ಕಹಾಕಿ ಉತ್ತರಿಸಬಹುದಾದ ಪ್ರಶ್ನೆಯಾಗಿದೆ; ಏಕೆಂದರೆ ಕಲ್ಪಿತ ದೇಶಗಳು ಈಗ ಕಾಗದದಿಂದ ಗಣಕಯಂತ್ರಕ್ಕೆ ಹೋಗಿವೆ. ನೆಲವೇ ಇಲ್ಲದ, ಬರಿಯ ನೀರಿನ ಭೂಮಿಯನ್ನೂ ವಿದ್ವಾಂಸರು ಯಂತ್ರದಲ್ಲಿ ತಿರುಗಿಸಿ ನೋಡಿದ್ದಾರೆ. ಅದರಲ್ಲಿಯೂ ವಾಣಿಜ್ಯ ಮಾರುತಗಳೂ ಪಶ್ಚಿಮ ಮಾರುತಗಳೂ ತಮ್ಮ ತಮ್ಮ ವಲಯಗಳಲ್ಲಿ ಬೀಸುತ್ತವೆ.

1975ರಲ್ಲಿ ಡಗ್ಲಸ್ ಹಾನ್ ಮತ್ತು ಸ್ಯುಕುರೊ ಮನಾಬೆ ಎಂಬವರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಎರಡು ಭೂಮಿಗಳನ್ನು ಲೆಕ್ಕಹಾಕಿದರು. ಒಂದರಲ್ಲಿ ಪರ್ವತಗಳಿದ್ದವು, ಇನ್ನೊಂದರಲ್ಲಿ ಖಂಡಗಳೆಲ್ಲ ಚಪ್ಪಟೆ. ಚಪ್ಪಟೆಯಾದ ಏಷ್ಯದಲ್ಲಿ ಮಾನ್ಸೂನ್ ಇಲ್ಲದೆ ಹೋಗಲಿಲ್ಲ. ಆದರೆ ಪರ್ವತಗಳಿದ್ದಾಗ ಬಂದಷ್ಟು ಉತ್ತರಕ್ಕೆ ಅದು ಬರಲಿಲ್ಲ. (ವಾಯುಗುಣವನ್ನು ಗಣಿತದಿಂದ ರೂಪಿಸಿದುದಕ್ಕಾಗಿ ಮನಾಬೆಯವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.) ಪರ್ವತಗಳು ಹೇಗೆ ಸಹಾಯಮಾಡುತ್ತವೆ ಎಂಬುದಕ್ಕೆ ಬಹುಕಾಲ ಒಪ್ಪಿದ್ದ ಉತ್ತರವೆಂದರೆ, ಟಿಬೆಟ್ಟಿನ ಎತ್ತರದ ಪ್ರಸ್ಥಭೂಮಿ ಬೇಸಗೆಯಲ್ಲಿ ಒಲೆಯಂತೆ ಕಾದು ಮಾರುತಗಳನ್ನು ಸೆಳೆಯುತ್ತದೆ ಎಂಬುದು. 2010ರಲ್ಲಿ ವಿಲಿಯಂ ಬೂಸ್ ಮತ್ತು ಝಿಮಿಂಗ್ ಕ್ವಾಂಗ್ ಎಂಬವರು ಇನ್ನೂ ವಿಚಿತ್ರವಾದ ಒಂದು ದೇಶವನ್ನು ಕಲ್ಪಿಸಿದರು: ಟಿಬೆಟ್ಟನ್ನು ನೆಲಸಮಮಾಡಿ, ಹಿಮಾಲಯವನ್ನೂ ಅದರ ಅಕ್ಕಪಕ್ಕದ ಶ್ರೇಣಿಗಳನ್ನೂ ಮಾತ್ರ ಕಿರಿದಾದ ಗೋಡೆಯಂತೆ ಉಳಿಸಿದರು. ಮಾನ್ಸೂನ್ ಬಹುಮಟ್ಟಿಗೆ ಮೊದಲಿನಂತೆಯೇ ಬಂದಿತು. ಉತ್ತರದ ಒಣ ತಂಪುವಾಯು ದಕ್ಷಿಣದ ಬಿಸಿಯಾದ ಒದ್ದೆವಾಯುವಿನೊಡನೆ ಬೆರೆಯದಂತೆ ತಡೆಯುವುದೇ ಪರ್ವತಗಳ ಮುಖ್ಯ ಕೆಲಸವಾಗಿರಬೇಕೆಂಬುದು ಅವರ ವಾದ. ಒಲೆಗೆ ಎಷ್ಟು ಪಾಲು, ಗೋಡೆಗೆ ಎಷ್ಟು ಪಾಲು ಎಂಬ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. ಆದರೆ ಆ ಚರ್ಚೆಯನ್ನು ನಡೆಸಲು ಟಿಬೆಟ್ಟಿಲ್ಲದ ಏಷ್ಯವನ್ನು ಕಲ್ಪಿಸಿಕೊಳ್ಳದೆ ಬೇರೆ ದಾರಿಯಿಲ್ಲ. ನಿಜವಾದ ಭೂಮಿ ಒಂದೇ ಇದೆ, ಅದರಿಂದ ಏನನ್ನೂ ತೆಗೆದು ನೋಡುವಂತಿಲ್ಲ.

ಈ ವರ್ಷದ ವಿದ್ಯಾರ್ಥಿಗಳಿಗೆ ನಾವು ಕೊಡಬೇಕೆಂದಿರುವ ದೇಶ ದೂರದ್ದಲ್ಲ. ಅದು ಸಹ್ಯಾದ್ರಿಯಿಲ್ಲದ ಕರ್ನಾಟಕ. ಮಂಗಳೂರಿನಿಂದ ಚಿತ್ರದುರ್ಗದವರೆಗೆ ನೆಲವನ್ನು ಸಮಮಾಡಿ, ಮಾರುತಗಳನ್ನು ಇದ್ದಂತೆಯೇ ಬಿಡುವುದು. ಆಗುಂಬೆ ಕಳೆದುಕೊಂಡ ಮಳೆಯಷ್ಟನ್ನೂ ಚಳ್ಳಕೆರೆ ಪಡೆಯುವುದೇ? ಪಡೆಯಲಾರದೆಂದು ನಮ್ಮ ಊಹೆ. ಎತ್ತುವ ಬೆಟ್ಟವಿಲ್ಲದಿದ್ದರೆ ಗಾಳಿಯಲ್ಲಿನ ನೀರಿನ ಬಹುಭಾಗ ಮಳೆಯಾಗದೆ ಮುಂದೆ ಸಾಗಿಬಿಡಬಹುದು. ತಲಕಾವೇರಿ 1,276 ಮೀಟರು ಎತ್ತರದಲ್ಲಿ ಪಶ್ಚಿಮ ಸಮುದ್ರಕ್ಕೆ ಅಷ್ಟು ಹತ್ತಿರವಿದ್ದೂ ಕಾವೇರಿ ಸುಮಾರು 800 ಕಿಲೋಮೀಟರು ಪೂರ್ವಕ್ಕೆ ಹರಿಯುವುದು ನೆಲದ ಓರೆಯಿಂದ. ಆ ಓರೆ ಹೋದ ಮೇಲೆ ಅದು ಯಾವ ಕಡೆಗೆ ಹರಿಯಬೇಕು, ಬೇಸಗೆಯಲ್ಲಿ ಅದರಲ್ಲಿ ನೀರೆಷ್ಟು ಉಳಿದೀತು ಎಂಬುದನ್ನು ನಕ್ಷೆಯೊಂದಿಗೆ ಬರೆದು ತರತಕ್ಕದ್ದು. ಅಕ್ಷಾಂಶ ರೇಖೆಗಳನ್ನು ಮೊದಲು ಎಳೆಯುವುದು. ಹೆಸರಿಡುವ ಕೆಲಸ ಆಮೇಲೆ.